ಮುಖ ಕೇಳುತ್ತಿದ್ದ ಮಾಸ್ತರರು

ರಾಯಬಾಗ ರೈಲು ನಿಲ್ದಾಣದಲ್ಲಿ ಒಮ್ಮೆ ಅವರಿಗೆ ಏಟು ಬೀಳುವುದೊಂದು ಬಾಕಿ ಇತ್ತಂತೆ. ಬೆಂಚಿನ ಮೇಲೆ ಕೂತಿದ್ದ ಒಬ್ಬ ರೈತನ ಎಡಗಿವಿಯನ್ನು ಇವರು ಎದುರಿಗೆ ನಿಂತು ನೋಡಿದರು. ಮಗ್ಗುಲಿಗೆ ಸರಿದು ನೋಡಿದರು. ಅದೂ ಸಾಲದೆ ಬೆಂಚಿನ ಹಿಂದೆ ಹೋಗಿ ಬಗ್ಗಿ ನೋಡಿದರು. ಆ ಮನುಷ್ಯ ಎದ್ದು ನಿಂತು ತೋಳೇರಿಸಿದ.

"ಏನ್ ನೋಡಾಕತ್ತೀಪಾ? ಕಿವಿಯೊಳಗ ಏನರ ಐತೇನು?"

"ಒಳಗ ಏನಿಲ್ರಿ. ಕಿವೀನ ಭಾಳ ಚಲೋ ಐತಿ. ನನಗ ಕೊಡ್ತೀರೇನು?" ಅಂದರಂತೆ ಇವರು.

ಆ ಕಿವಿ ಈಗಲೂ ನಮ್ಮಲ್ಲಿದೆ. ನಮ್ಮ ವಸ್ತುಸಂಗ್ರಹಾಲಯದ ಗಾಣದ ಮನೆಯಲ್ಲಿ ಬೆಲ್ಲದ ಕೊಪ್ಪರಿಗೆಯ ಮುಂದೆ ನಿಂತು ಪಾಕ ನೋಡುತ್ತಿರುವ ಮನುಷ್ಯನ ತಲೆಗೆ ಅಂಟಿಕೊಂಡಿದೆ. ಅದರ ಒಡೆಯ ಮುಂದೊಂದು ದಿನ ಹೆಂಡತಿ, ಸೊಸೆ, ಮೊಮ್ಮಕ್ಕಳನ್ನು ಟೆಂಪೋದಲ್ಲಿ ತುಂಬಿಕೊಂಡು ಬಂದು, "ಇದು ನನ್ನ ಕಿವಿ. ಉಳಿದದ್ದು ಯಾರದೋ ಗೊತ್ತಿಲ್ಲ" ಎಂದು ತೋರಿಸಿ ಹೋದ.

ಮಾಸ್ತರರು ಹೋದ ತಿಂಗಳು ತೀರಿಕೊಂಡರು. ಅವರು ನಮ್ಮ ಭಾಗದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು. ನಿವೃತ್ತಿಯಾದ ಮೇಲೆ ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ, ಕಬ್ಬಿನ ಹೊಲಗಳ ನಡುವೆ ಇರುವ ಈ ವಸ್ತುಸಂಗ್ರಹಾಲಯಕ್ಕೆ ಬಂದು ಸೇರಿದರು. ಹಳೆಯ ದಿನಗಳ ಬದುಕನ್ನು ಆಳೆತ್ತರದ ಸಿಮೆಂಟಿನ ಪ್ರತಿಮೆಗಳಲ್ಲಿ ತೋರಿಸುವ ಜಾಗ ಇದು. ತಂಬಾಕಿನ ಎಲೆ ಸುಲಿಯುವ ನಿಪ್ಪಾಣಿಯ ಹೆಣ್ಣುಮಕ್ಕಳು, ಚಪ್ಪಲಿಗೆ ಹೆಣಿಗೆ ಹಾಕುವ ಅಥಣಿಯವನು, ತಕ್ಕಡಿ ಹಿಡಿದ ವ್ಯಾಪಾರಿ, ಗರಡಿಯ ಪೈಲ್ವಾನ, ಎತ್ತುಗಳು, ನಾಯಿ, ಎಲ್ಲವೂ ಅವರ ಕೈಯಿಂದಲೇ ಆದವು. ನಾನು ಇಲ್ಲಿ ಬಂದವರಿಗೆ ತಿರುಗಾಡಿಸಿ ತೋರಿಸುವ ಕೆಲಸದವಳು. ಮೊದಲು ಕನ್ನಡ ಶಾಲೆಯಲ್ಲಿ ಕಲಿಸಿದವಳಾದ್ದರಿಂದ ಅವರು ಕೊನೆಯವರೆಗೂ ನನ್ನನ್ನು 'ಬಾಯಾರ' ಎಂದೇ ಕರೆದರು.

ಅವರು ಪ್ರತಿಮೆ ಅನ್ನುತ್ತಿರಲಿಲ್ಲ. ಗೊಂಬೆ ಅಂದರಂತೂ ಸಿಟ್ಟು. 'ಮಂದಿ' ಅನ್ನುತ್ತಿದ್ದರು. "ಬಾಯಾರ, ಗರಡಿ ಮನ್ಯಾಗ ಮಂದೀಗೆ ಧೂಳಾ ಕುಂತೈತ್ರಿ, ಒರಸಾಕ ಹೇಳ್ರಿ" ಅನ್ನುವರು. ಹೊಸದಾಗಿ ಬಂದ ಕಾವಲುಗಾರ ಒಬ್ಬ ಇದನ್ನು ಕೇಳಿ ಗರಡಿ ಮನೆಯಲ್ಲಿ ಯಾರೋ ಪ್ರವಾಸಿಗರು ಕೂತಿದ್ದಾರೆ ಎಂದುಕೊಂಡು ಒರೆಸುವ ಚೌಕ ಹಿಡಿದು ಹುಡುಕಿದ್ದನ್ನು ನಾನೇ ನೋಡಿದ್ದೇನೆ.

ಗಿಡ್ಡ ಆಳು. ಷರಟಿನ ತೋಳಿಗೆ ಸದಾ ಒಣಗಿದ ಸಿಮೆಂಟು. ಎರಡು ಕನ್ನಡಕ, ಒಂದು ಕಣ್ಣಿಗೆ, ಒಂದು ನೆತ್ತಿಗೆ. ಎದುರಿಗಿದ್ದವರನ್ನು ನೋಡುತ್ತ ನೋಡುತ್ತ ಚಹಾ ಆರಿಸಿಬಿಡುವರು. ಮಾತು ಕೇಳುತ್ತಿದ್ದಾರೆ ಅಂದುಕೊಂಡು ನಾವು ಹೇಳುತ್ತಲೇ ಇರಬೇಕು. ಎಲ್ಲ ಮುಗಿದ ಮೇಲೆ, "ನೀವು 'ಅಲ್ಲ' ಅನ್ನೋ ಮುಂದ ಎಡಗಡೆ ಮೂಗಿನ ಹೊಳ್ಳಿ ಅಷ್ಟ ಅಗಲಾಕೈತಿ ನೋಡ್ರಿ" ಅನ್ನುವರು. ಅವರ ಹೆಂಡತಿಯನ್ನು ಈ ಬಗ್ಗೆ ಕೇಳಿದರೆ ನಗುತ್ತಿದ್ದರು. "ಮದುವ್ಯಾಗ ಅಂತರಪಟ ಸರಿಸಿದ ಕೂಡ್ಲೆ ಎಲ್ಲಾರೂ ಹೆಣ್ಣಿನ ಮಾರಿ ನೋಡ್ತಾರ. ಇವ್ರು ಭಟ್ಟರ ಮೂಗ ನೋಡ್ಕೊಂತ ನಿಂತಿದ್ರ್ಯವಾ."

ಹೀಗೆ ಕಂಡಕಂಡವರನ್ನು ನೋಡುವ ಮನುಷ್ಯನಿಗೆ ಒಂದು ಕಟ್ಟುಪಾಡಿತ್ತು. ಕೇಳದೆ ಯಾರ ಮುಖವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ಕೊಕಟನೂರ ಎಲ್ಲಮ್ಮನ ಗುಡಿಯ ಸರದಿಯಲ್ಲಿ, ಎಲ್ಲಿ ಹಿಡಿಸಿದರೂ ಹತ್ತಿರ ಹೋಗಿ, "ನಿಮ್ಮ ಮಾರಿ ಬೇಕಾಗಿತ್ರಿ" ಎಂದೇ ಶುರು ಮಾಡುವರು. ಕೆಲವರು ಬೈದರು. ಹೆಚ್ಚಿನವರು ಕೊಟ್ಟರು. ಕೊಟ್ಟವರು ಬಂದು ನೋಡಿ ತಕರಾರು ತೆಗೆಯುವುದೂ ಇತ್ತು. ಗರಡಿಗೆ ಮುಖ, ಮೈ ಎರಡನ್ನೂ ಕೊಟ್ಟ ಅಥಣಿ ಕಡೆಯ ಮುದಿ ಪೈಲ್ವಾನರು ತಮ್ಮ ಪ್ರತಿಮೆಯ ಮುಂದೆ ನಿಂತು ಕೆಂಡವಾದರು.

"ನನಗ ಈ ಹೊಟ್ಟಿ ಎಲ್ಲಿಂದ ಬಂತು? ಕುಸ್ತಿ ಹಿಡಿಯೋ ಕಾಲಕ್ಕ ನನ್ನ ಹೊಟ್ಟಿ ಹಲಗಿ ಇದ್ದಂಗ ಇತ್ತು."

"ನಾ ನೋಡಿದ್ದು ಈಗಿನ ಹೊಟ್ಟೀನ್ರಿ, ಪೈಲ್ವಾನರ."

"ಹಂಗಾರ ಆಗಿಂದ ಮಾಡು."

"ಆಗಿಂದು ನಾ ನೋಡಿಲ್ಲಲ್ರಿ."

ಅರ್ಧ ದಿನ ವಾದ ನಡೆಯಿತು. ಮಾಸ್ತರರು ಸೋಲಲಿಲ್ಲ. ಕಡೆಗೆ ಪೈಲ್ವಾನರೇ ಉಸಿರು ಒಳಗೆಳೆದು ಹೊಟ್ಟೆ ಹಿಡಿದು ನಿಂತು, "ಈಗ ನೋಡು, ಲಗೂನ ನೋಡು" ಅಂದರು. ಮಾಸ್ತರರು ನೋಡಿದರು. ನೋಡಿದಷ್ಟನ್ನು ಕೆತ್ತಿ ತೆಗೆದರು.

ಮತ್ತೊಮ್ಮೆ ಕೊಗನೊಳ್ಳಿ ಕಡೆಯಿಂದ ಬಂದ ಪ್ರವಾಸಿಗರೊಬ್ಬರು ತಂಬಾಕಿನ ಮನೆಯ ಹೆಂಗಸನ್ನು ತೋರಿಸಿ, "ಹೀ ಬಾಯಿ ಮರಾಠೀ ಕೀ ಕಾನಡೀ?" ಎಂದು, ಈ ಹೆಂಗಸು ಮರಾಠಿಯವಳೋ ಕನ್ನಡದವಳೋ ಎಂದು ಗಂಭೀರವಾಗಿ ಕೇಳಿದರು. ನಮ್ಮ ಗಡಿಯಲ್ಲಿ ಇಂಥ ಪ್ರಶ್ನೆ ಎಲ್ಲಿಂದೆಲ್ಲಿಗೋ ಹೋಗುತ್ತದೆ. ನಾನು ಏನು ಹೇಳಲಿ ಎಂದು ತಡವರಿಸುತ್ತಿದ್ದಾಗ ಮಾಸ್ತರರು ಏಣಿಯ ಮೇಲಿಂದಲೇ, "ನೀವು ಮಾತಾಡ್ಸಿ ನೋಡ್ರಿ. ಎರಡೂ ತಿಳಿತೈತಿ ಅಕೀಗೆ" ಎಂದರು. ಬಂದವರು ನಕ್ಕುಬಿಟ್ಟರು.

ಇಷ್ಟಾದರೂ ಇವೆಲ್ಲ ಅವರ ಬಗ್ಗೆ ಹೇಳಿ ನಗುವ ಕಥೆಗಳು. ನನಗೆ ಅವರು ನಿಜವಾಗಿ ಯಾರೆಂದು ತಿಳಿದದ್ದು ರೊಟ್ಟಿ ಬಡಿಯುವ ಹೆಣ್ಣುಮಗಳ ವಿಷಯದಲ್ಲಿ.

ನಮ್ಮ ಸಂಗ್ರಹಾಲಯದಲ್ಲಿ ಜನ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದುದು ಅಡುಗೆಮನೆಯ ಮುಂದೆ. ಮಣ್ಣಿನ ಒಲೆ, ಮೇಲೆ ತೂಗುಹಾಕಿದ ನೆಲವು, ಬೀಸುವ ಕಲ್ಲು, ಸಾಲಾಗಿಟ್ಟ ಗಡಿಗೆಗಳು. ನಡುವೆ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿರುವ ವಯಸ್ಸಾದ ಹೆಂಗಸು. ಇಳಕಲ್ಲ ಸೀರೆ, ಹಣೆಯ ಮೇಲೆ ಒಂದೆಳೆ ಕೂದಲು, ತಗ್ಗಿಸಿದ ಕಣ್ಣು. ಒಂದು ಅಂಗೈ ಮೇಲೆ, ಒಂದು ಹಿಟ್ಟಿನ ಮೇಲೆ. ಈಗ ಚಪ್ಪಳೆಯಂಥ ಸದ್ದು ಬರುತ್ತದೆ ಅನ್ನುವಷ್ಟು ಚಂದ.

ಆ ಮುಖ ಮಂಗಸೂಳಿಯದು. ಮಾಸ್ತರರು ಹೆಂಡತಿಯೊಂದಿಗೆ ಮಲ್ಲಯ್ಯನ ದರ್ಶನಕ್ಕೆ ಹೋಗಿದ್ದರು. ಹಣೆಗೆಲ್ಲ ಅರಿಶಿನದ ಭಂಡಾರ ಬಳಿದುಕೊಂಡು ಹೊರಬಂದಾಗ ಪರಿಚಯದ ರೈತರೊಬ್ಬರು ಊಟಕ್ಕೆ ಎಳೆದುಕೊಂಡು ಹೋದರು. ಆ ಮನೆಯ ಹಿರಿಯ ಹೆಣ್ಣುಮಗಳು ಒಲೆಯ ಮುಂದೆ ಕೂತು ಬಿಸಿ ರೊಟ್ಟಿ ಹಾಕುತ್ತಿದ್ದಳು. ಇವರು ಉಣ್ಣುವುದನ್ನು ಬಿಟ್ಟು ನೋಡಿದರು. ಎಂದಿನಂತೆ ಕೇಳಿಯೂ ಕೇಳಿದರು. ಆಕೆ ತಲೆಯೆತ್ತದೆಯೇ ನಕ್ಕು, "ಈ ಮುದುಕಿ ಮಾರಿ ಒಯ್ದು ಏನ್ ಮಾಡ್ತೀ ತಮ್ಮಾ? ಬೇಕಂದ್ರ ತೊಗೊ. ಮೊದಲ ರೊಟ್ಟಿ ತಿನ್ನು, ಆರತೈತಿ" ಅಂದಳಂತೆ. ಪ್ರತಿಮೆ ಆದ ಮೇಲೆ ಆಕೆಯನ್ನು ಕರೆಸಿ ತೋರಿಸಬೇಕೆಂದು ಮಾಸ್ತರರು ಹೇಳಿಕಳಿಸಿದರು. ಒಮ್ಮೆ ಕಬ್ಬಿನ ಕಟಾವು ಅಂದರು, ಒಮ್ಮೆ ಸೊಸೆಯ ಬಾಣಂತನ ಅಂದರು. ಆಕೆ ಬರಲೇ ಇಲ್ಲ. ಅಷ್ಟರಲ್ಲಿ ತೀರಿಕೊಂಡಳೆಂದು ಸುದ್ದಿ ಬಂತು.

ಅದಾಗಿ ಕೆಲವು ತಿಂಗಳಿಗೆ ಕಾಗವಾಡ ಕಡೆಯ ಹೆಣ್ಣುಮಕ್ಕಳ ಸಂಘವೊಂದು ಪ್ರವಾಸ ಬಂತು. ನಾನು ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಎಂದಿನ ಮಾತು ಶುರು ಮಾಡಿದೆ. ಒಬ್ಬಾಕೆ ಗುಂಪಿನಿಂದ ಮುಂದೆ ಬಂದು, ಯಾರೂ ಒಳಗೆ ಹೋಗದಂತೆ ಕಟ್ಟಿದ ಹಗ್ಗದ ಮೇಲೆ ಬಾಗಿದಳು. ನಡುವಯಸ್ಸಿನವಳು, ದ್ರಾಕ್ಷಿ ತೋಟದ ಮನೆಯವಳೆಂದು ಆಮೇಲೆ ತಿಳಿಯಿತು. ಪ್ರತಿಮೆಯ ಮುಖವನ್ನು ನೋಡಿದಳು, ಕೈ ನೋಡಿದಳು.

"ಇಕಿ ನಮ್ಮವ್ವ" ಅಂದಳು.

ಅಂಥ ಹೊತ್ತಿನಲ್ಲಿ ಜನ ಅಳುತ್ತಾರೆ, ಇಲ್ಲವೇ ಕೈ ಮುಗಿಯುತ್ತಾರೆ. ಆಕೆ ಎರಡನ್ನೂ ಮಾಡಲಿಲ್ಲ. ಪಕ್ಕದ ಎತ್ತಿನ ಬಾಲಕ್ಕೆ ಬಣ್ಣ ಹಚ್ಚುತ್ತಿದ್ದ ಮಾಸ್ತರರನ್ನು ನಾನು ಕೂಗಿ ಕರೆದೆ. ಅವರು ಖುಷಿಯಿಂದಲೇ ಓಡಿಬಂದರು. ಹೊಗಳಿಕೆ ಅವರಿಗೆ ಬೇಕಿತ್ತು, ಅದನ್ನು ಮುಚ್ಚಿಡುವವರಲ್ಲ.

"ಗುರ್ತ ಸಿಕ್ತಲ್ರಿ? ಬರೋಬ್ಬರಿ ಐತ್ಯೋ ಇಲ್ಲೋ?"

"ಬರೋಬ್ಬರಿ ಐತ್ರಿ" ಅಂದಳು ಆಕೆ. "ಜೀವಾ ಇರೂತನಕ ರೊಟ್ಟಿ ಬಡದ್ಲು. ಸತ್ತ ಮ್ಯಾಲೂ ಇಲ್ಲಿ ಕೂಡ್ಸಿ ಬಡಸಾಕತ್ತೀರಲ್ರಿ. ಇದಕ್ಕ ಮುಗಿಯೋದಂತ ಇಲ್ಲೇನ್ರಿ?"

ಮಾಸ್ತರರ ಮುಖ ನೋಡಬೇಕಿತ್ತು. ಎಲ್ಲರ ಮುಖ ನೋಡುವವರು ಆ ದಿನ ಎಲ್ಲಿ ನೋಡಬೇಕೋ ತಿಳಿಯದೆ ನಿಂತರು. ಸಮಜಾಯಿಷಿ ಹೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದೇ ಬೇರೆ.

"ಕೆಲಸಾ ಇಲ್ದಾಗ ನಿಮ್ಮವ್ವ ಏನ್ ಮಾಡ್ತಿದ್ರು?"

ಆಕೆ ಮತ್ತೊಮ್ಮೆ ಪ್ರತಿಮೆಯ ಕಡೆ ತಿರುಗಿದಳು. "ಗೊತ್ತಿಲ್ರಿ" ಅಂದಳು ಕೊನೆಗೆ. "ನಾ ನೋಡಿಲ್ಲ."

ಬಸ್ಸು ಹೋಯಿತು. ಮಾಸ್ತರರು ಸಂಜೆಯವರೆಗೂ ಅಡುಗೆಮನೆಯ ನೆಲದ ಮೇಲೆ, ಪ್ರತಿಮೆಯ ಎದುರಿಗೆ ಕೂತಿದ್ದರು. ಬಾಗಿಲು ಹಾಕಲು ಹೋದ ನನಗೆ ಅವರು ಹೇಳಿದ್ದು ಇಷ್ಟು: "ಬಾಯಾರ, ಇವರ ಕಣ್ಣ ನಾ ನೋಡೇ ಇಲ್ರಿ. ಅವತ್ತು ತಲಿ ಎತ್ತಲೇ ಇಲ್ಲ ಅವ್ರು. ಹಂಚ ನೋಡ್ಕೊಂತ ಇದ್ರು. ನಾನೂ ಹಂಗ ಮಾಡಿ ಕುಂಡ್ರಿಸೀನಿ. ತಲಿ ಎತ್ತಿದ್ರ ಹೆಂಗ ಕಾಣ್ತಿದ್ರೋ ಏನೋ!"

ಅವರಿಗೆ ಹತ್ತಿದ್ದು ಪಶ್ಚಾತ್ತಾಪಕ್ಕಿಂತ ಹೆಚ್ಚಾಗಿ ಕುತೂಹಲ ಎಂದು ನನಗೆ ಈಗಲೂ ಅನಿಸುತ್ತದೆ. ಕುತೂಹಲ ಹತ್ತಿದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಕಾಗವಾಡದ ಆ ಮಗಳಿಗೆ ಫೋನು ಮಾಡಿದರು. ಅಮ್ಮನ ಫೋಟೋ ಇದೆಯೇ ಎಂದು ಕೇಳಿದರು. ಇದ್ದದ್ದು ಆಧಾರ್ ಕಾರ್ಡಿನದು ಒಂದೇ. ಅದರಲ್ಲಿ ಆಕೆ ಕ್ಯಾಮೆರಾಕ್ಕೆ ಹೆದರಿ ಕಣ್ಣರಳಿಸಿದ್ದಳು. "ಇದು ಅವ್ವನ ಮಾರೀನ ಅಲ್ರಿ" ಎಂದು ಮಗಳೇ ಹೇಳಿದಳು. ಕೊನೆಗೆ ಮೂವರೂ ಮಂಗಸೂಳಿಗೆ ಹೋಗುವುದೆಂದಾಯಿತು. ಮಾಸ್ತರರು, ಮಗಳು, ನಾನು. ನನ್ನನ್ನು ಕರೆದದ್ದು, "ಹೆಣ್ಮಕ್ಕಳು ನನ್ನ ಮುಂದ ಹೇಳಲಿಕ್ಕಿಲ್ಲ, ನಿಮ್ಮ ಮುಂದ ಹೇಳಬಹುದು" ಎಂದು.

ತವರುಮನೆಯಲ್ಲಿ ಮಗಳ ಅಣ್ಣ ಜೋಳದ ಚೀಲದ ಮೇಲೆ ಕೂತು ಬಹಳ ಹೊತ್ತು ಯೋಚಿಸಿದ. "ಕೆಲಸಾ ಇಲ್ದಾಗಂದ್ರ... ಕಸಾ ತಗೀತಿದ್ಲರಿ" ಅಂದ. ಅದು ಕೆಲಸ ಅಲ್ಲವೇ ಎಂದು ಮಾಸ್ತರರು ಕೇಳಿದರೆ, "ಹೌದಲ್ರೀ" ಎಂದು ಅವನೇ ಬೆರಗಾದ. ಸೊಸೆ ಬಾಗಿಲ ಮರೆಯಿಂದ, "ಅತ್ತಿ ಸುಮ್ನ ಕುಂತಿದ್ದ ನಾ ಒಂದಿನಾನೂ ಕಂಡಿಲ್ರಿ. ಕುಂತ್ರೂ ಕೈಯಾಗ ಏನರ ಇರ್ತಿತ್ತು. ಶೇಂಗಾ ಸುಲೀತಿದ್ಲು, ಇಲ್ಲಾ ಕೌದಿ ಹೊಲೀತಿದ್ಲು" ಅಂದಳು. ಆ ಮನೆಯಲ್ಲಿ ಆಕೆಯ ಬಗ್ಗೆ ಎಲ್ಲರಿಗೂ ಪ್ರೀತಿಯಿತ್ತು, ಅದು ಸುಳ್ಳಲ್ಲ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಯಾರಲ್ಲಿಯೂ ಇರಲಿಲ್ಲ. ಮಗಳು ಚಹಾದ ಕಪ್ಪು ಹಿಡಿದು ಅಂಗಳ ನೋಡುತ್ತ ಕೂತಳು.

ಹೊರಡುವ ಹೊತ್ತಿಗೆ ಪಕ್ಕದ ಮನೆಯ ಜೈನರ ಅಜ್ಜಿ ಕೋಲೂರಿಕೊಂಡು ಬಂದಳು. ಕಾರು ಯಾರದು ನೋಡಲೆಂದು ಬಂದವಳು. ಮಾಸ್ತರರು ಅವಳಿಗೂ ಅದೇ ಪ್ರಶ್ನೆ ಹಾಕಿದರು. ಅಜ್ಜಿ ಮೊದಲು ಮನೆಯ ಗಂಡಸರ ಕಡೆ ನೋಡಿದಳು. ಆಮೇಲೆ, "ಇನ್ನೇನ ಮುಚ್ಚಿಡೂದು, ಅಕೀನ ಹೋಗ್ಯಾಳ" ಅಂದು ಕೋಲು ಕುಟ್ಟಿದಳು. "ಚೌಕಾಬಾರಾ ಆಡ್ತಿದ್ಲು. ನನ್ನ ಜೋಡಿ. ಎಲ್ಲಾರೂ ಹೊಲಕ್ಕ ಹೋದ ಮ್ಯಾಲ, ದನದ ಮನಿ ಹಿಂದ. ಆಡಾಕ ಕುಂತ್ರ ರಾಕ್ಷಸೀನ ಅಕಿ!"

ಮಗಳ ಕೈಯ ಕಪ್ಪು ನಿಂತಿತು. "ಅವ್ವಾ? ಚೌಕಾಬಾರಾ?"

"ಬರ್ರಿ, ತೋರಸ್ತೀನಿ."

ದನದ ಮನೆಯ ಹಿಂದೆ ಬೇವಿನ ಗಿಡದ ಕೆಳಗೆ ಒಂದು ಹಾಸುಗಲ್ಲು. ಸಗಣಿ, ಕಸ ಸರಿಸಿದರೆ ಕಲ್ಲಿನ ಮೇಲೆ ಗೀರಿದ ಮನೆಗಳು ಕಂಡವು. ನಡುವಿನ ಮನೆಯ ಗೀಟು ಸವೆದು ನುಣುಪಾಗಿತ್ತು. ಮಾಸ್ತರರು ಮಂಡಿಯೂರಿ ಕೂತು ಗೀಟುಗಳ ಮೇಲೆ ಬೆರಳಾಡಿಸಿದರು. ಎಷ್ಟು ವರ್ಷ ಆಡಿದರೆ ಕಲ್ಲು ಹೀಗೆ ಆಗುತ್ತದೆ ಎಂದು ಕೇಳಿದರು. ಅಜ್ಜಿ, "ನಮ್ಮಿಬ್ಬರ ಕೂದಲಾ ಕರ‍್ರಗ ಇದ್ದಾಗಿಂದ" ಅಂದಳು.

ಮುಂದೆ ಅವಳನ್ನು ನಿಲ್ಲಿಸುವವರೇ ಇರಲಿಲ್ಲ. "ಮೋಸಗಾತಿ ಅಕಿ. ಕವಡಿ ಬಿದ್ದ ಮ್ಯಾಲ ಸೆರಗಿನ ತುದೀಲೆ ಒಂದ ಕವಡಿ ಮಗಚಿ 'ಬಾರಾ!' ಅಂತ ಒದರ್ತಿದ್ಲು. ನಾವು ಹೊತ್ತ ಮುಳಗೂದ್ರಾಗ ಉಣ್ಣೋ ಮಂದಿ. ಸೋಲಾಕತ್ತಿದ್ರ ಬೇಕಂತಲೇ ಆಟಾ ಜಗ್ಗಾಕಿ. ನಾ ಊಟಕ್ಕ ಏಳಬೇಕು, ಅಕಿ 'ನೀ ಎದ್ದಿ, ಸೋತಿ' ಅನ್ನಬೇಕು! ಒಂದಿನಾ ಕವಡಿ ಬಚ್ಚಿಟ್ಟ ಬಿಟ್ಟೆ. ಹುಣಸಿ ಬೀಜಾ ತೇಯ್ದು ತಂದ್ಲು."

"ಸೆರಗು ಆಡೂದು ನಿಮಗ ಕಾಣತಿದ್ದಿಲ್ಲೇನ್ರಿ?" ಎಂದರು ಮಾಸ್ತರರು.

"ಎಲ್ಲಿ ಕಾಣಾಕ ಬಿಡ್ತಿದ್ಲು! ನನ್ನ ಮಾರೀನ ನೋಡ್ತಿದ್ಲು. ಹಿಂಗ."

ಅಜ್ಜಿ ಕೋಲು ಬದಿಗಿಟ್ಟು ಹಾಸುಗಲ್ಲಿನ ಮೇಲೆ ಕೂತಳು. ಒಂದು ಮೊಣಕಾಲು ಮೇಲೆತ್ತಿ ಅದರ ಮೇಲೆ ಗದ್ದ ಇಟ್ಟಳು. ಬಲಹುಬ್ಬು ತುಸು ಮೇಲೆ ಹೋಯಿತು. ತುಟಿ ಬಿಗಿದು, ಲೋಕದಲ್ಲಿ ಯಾವ ಪಾಪವೂ ಅರಿಯದವಳಂತೆ ಮಾಸ್ತರರ ಕಣ್ಣಿಗೆ ಕಣ್ಣಿಟ್ಟು ನೋಡಿದಳು.

ಮಗಳು ಅಜ್ಜಿಯ ಹತ್ತಿರ ಬಗ್ಗಿದಳು. "ಅವ್ವ!" ಅಂದಳು. ನಗುತ್ತಲೂ ಅಳುತ್ತಲೂ ಹೇಳಿದಳು: "ನಾ ಸಣ್ಣಾಕಿದ್ದಾಗ ತುಪ್ಪಾ ಗಂಡಸರಿಗೆ ಅಷ್ಟ ಇಡ್ತಿದ್ರ್ಯವಾ. ಅಪ್ಪ ಮಗ್ಗಲದಾಗ ಉಣ್ಣಾಕತ್ತಿದ್ರೂ ಅವ್ವ ನನ್ನ ರೊಟ್ಟಿ ಕೆಳಗ ತುಪ್ಪಾ ಹಾಕ್ತಿದ್ಲು. ಕೈ ನನ್ನ ಕಡೆ, ಕಣ್ಣ ಅಪ್ಪನ ಮ್ಯಾಲ. ಹಿಂಗ ನೋಡ್ತಿದ್ಲು. ಹಿಂಗ. ಇದನ್ನ ಹೆಂಗ ಮರತಿದ್ದೆ ನಾ?"

ಮಾಸ್ತರರು ಅಜ್ಜಿಯ ಮುಖದ ಮೇಲಿಂದ ಕಣ್ಣು ಕೀಳದೆ ಚಿತ್ರ ಬರೆಯುತ್ತಿದ್ದರು. ಪೆನ್ಸಿಲ್ಲು ಹಾಳೆಯ ಮೇಲೆ ಅಲ್ಲಲ್ಲಿ ಜಾರುತ್ತಿತ್ತು. ಅವರ ಕೈ ನಡುಗುತ್ತದೆ ಎಂದು ನಾನು ಮೊದಲ ಸಲ ಗಮನಿಸಿದ್ದು ಆಗ.

ಅಡುಗೆಮನೆಯ ಪ್ರತಿಮೆ ತೆಗೆದು, ಅದೇ ಹೆಣ್ಣುಮಗಳು ಚೌಕಾಬಾರಾ ಆಡುತ್ತ ಕೂತಂತೆ ಮಾಡುತ್ತೇನೆ ಎಂದು ಅವರು ಹೇಳಿದಾಗ ಟ್ರಸ್ಟಿನ ಸಭೆಯಲ್ಲಿ ಗದ್ದಲವಾಯಿತು. ಅಧ್ಯಕ್ಷರು ದೊಡ್ಡ ಕಬ್ಬಿನ ರೈತರು, ಸಂಗ್ರಹಾಲಯದ ಮೇಲೆ ಜೀವ ಇಟ್ಟವರು. ಅವರ ಚಿಂತೆಯೂ ಸುಳ್ಳಾಗಿರಲಿಲ್ಲ. "ಜನಾ ಬರೂದ ಅಡಗಿಮನಿ ನೋಡಾಕ್ರಿ ಮಾಸ್ತರ. ಸಾಲಿ ಹುಡುಗೂರಿಗೆ ರೊಟ್ಟಿ ಬಡಿಯೋದು ತೋರಸಬೇಕಲ್ಲ" ಅಂದರು. ಇನ್ನೊಬ್ಬ ಸದಸ್ಯರು ಮೇಜು ಗುದ್ದಿ, "ಕವಡಿ ಆಡೋ ಹೆಂಗಸಿನ ಇಡ್ತೀರಿ? ಅದೂ ಮೋಸಾ ಮಾಡಾಕೀನ?" ಅಂದರು.

ಮಾಸ್ತರರು ಹೇಳಿದರು: "ರೊಟ್ಟಿ ಬಡಿಯೋದನ್ನ ಹುಡುಗೂರು ಮನ್ಯಾಗ ನೋಡ್ತಾವ್ರಿ. ಅವ್ವ ಆಡೋದನ್ನ ಎಲ್ಲಿ ನೋಡ್ತಾವ?"

ಅಧ್ಯಕ್ಷರು ಮಾಸ್ತರರ ಕೈಗಳನ್ನೇ ನೋಡುತ್ತಿದ್ದರು. ಅವು ಮೇಜಿನ ಮೇಲಿದ್ದರೂ ಸುಮ್ಮನೆ ಇರಲಿಲ್ಲ. "ಹೊಸದ ಮಾಡಾಕ ಆಕೈತೇನ್ರಿ ನಿಮ್ ಕಡಿಂದ? ಖರೇ ಹೇಳ್ರಿ" ಎಂದು ಮೆತ್ತಗೆ ಕೇಳಿದರು.

"ಗೊತ್ತಿಲ್ರಿ. ಅದಕ್ಕ ಲಗೂನ ಶುರು ಮಾಡಬೇಕು."

ಅಧ್ಯಕ್ಷರು ಒಪ್ಪಿದರು. ಮೈಯ ಸರಳು, ಜಾಳಿಗೆ, ಸಿಮೆಂಟಿನ ಗಿಲಾಯಿ ಎಲ್ಲವನ್ನೂ ಮನೆ ಕಟ್ಟುವ ಗೌಂಡಿಯೊಬ್ಬ ಮಾಸ್ತರರು ಹೇಳಿದಂತೆ ಮಾಡಿಕೊಟ್ಟ. ಮುಖಕ್ಕೆ ಮಾತ್ರ ಯಾರನ್ನೂ ಮುಟ್ಟಗೊಡಲಿಲ್ಲ. ಬೆಳಗಿನ ಹೊತ್ತು ಕೈ ಸ್ವಲ್ಪ ಹತೋಟಿಯಲ್ಲಿರುತ್ತದೆ ಎಂದು ಸೂರ್ಯ ಏರುವ ಮೊದಲೇ ಬರುವರು. ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದು ಕೆತ್ತುವರು. ಕಣ್ಣುಗಳನ್ನು ಮಾಡಿ ಕೆಡವಿದರು, ಮತ್ತೆ ಮಾಡಿ ಕೆಡವಿದರು. ಒಂದು ದಿನ ಕೈಯಲ್ಲಿದ್ದ ಕರಣಿಯನ್ನು ಗೋಡೆಗೆ ಎಸೆದು ಹೊರಗೆ ಹೋಗಿ ಕಬ್ಬಿನ ಬದುವಿನ ಮೇಲೆ ಕೂತುಬಿಟ್ಟರು. ನಾನು ಚಹಾ ಒಯ್ದೆ. "ಹುಬ್ಬಿನ ತುದಿ ಜಾಸ್ತಿ ಮ್ಯಾಲ ಹೋತ್ರಿ. ಕೈ ಹಾರಿತು" ಅಂದರು. ನಾನು ಒಳಗೆ ಹೋಗಿ ನೋಡಿ ಬಂದು, "ಸರ್ರ, ಅದನ್ನ ಕೆಡವಬ್ಯಾಡ್ರಿ. ಮೊದಲ ಆ ಅಜ್ಜೀನ ಕರಸ್ರಿ" ಎಂದೆ. ಅವರು ಆ ಹುಬ್ಬನ್ನು ಹಾಗೆಯೇ ಬಿಟ್ಟರು.

ಹಳೆಯ ಪ್ರತಿಮೆ ತೆಗೆಯುವ ದಿನ ಮಗಳು ಕಾಗವಾಡದಿಂದ ಬಂದಳು. ಸಂಗ್ರಹಾಲಯಕ್ಕೆ ರಜೆಯ ದಿನ. ಹಗ್ಗ ದಾಟಿ ಒಳಗೆ ಹೋಗಿ ಅವ್ವನ ಎದುರಿಗೆ ಕೂತಳು. ಸಿಮೆಂಟಿನ ಆ ಎರಡು ಕೈಗಳ ಮೇಲೆ ತನ್ನ ಕೈಗಳನ್ನಿಟ್ಟು, "ಸಾಕು, ಏಳವ್ವಾ" ಅಂದಳು. ಆಮೇಲೆ ಆಳುಗಳು ಅದನ್ನು ಎತ್ತಿದರು. ಒಡೆಯುವಾಗ ಮಾಸ್ತರರು ಅಲ್ಲಿರಲಿಲ್ಲ; ಎತ್ತಿನ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಿದ್ದರು. ಆ ಚೂರುಗಳನ್ನು ಹೊರಗೆ ಬಿಸಾಡಲು ಮಾತ್ರ ಬಿಡಲಿಲ್ಲ. ಹೊಸ ಪ್ರತಿಮೆ ಕೂಡುವ ಕಟ್ಟೆಯ ಹೊಟ್ಟೆಗೆ ಅವನ್ನೇ ತುಂಬಿಸಿದರು.

ಅಡುಗೆಮನೆ ಖಾಲಿಯಾಯಿತು. ಒಲೆ, ಹಂಚು, ಕೊಣಮಿಗೆ ಎಲ್ಲ ಇವೆ, ಆಕೆ ಇಲ್ಲ. ಹಿತ್ತಲ ಬಾಗಿಲಿನಾಚೆ, ಪಡಸಾಲೆಯ ಕಟ್ಟೆಯ ಮೇಲೆ, ಮೊಣಕಾಲಿನ ಮೇಲೆ ಗದ್ದ ಇಟ್ಟು ಕೂತಿದ್ದಾಳೆ. ಮುಂದೆ ಗೀರಿದ ಕಲ್ಲು, ಕವಡೆ. ಉಡಿಸಿದ್ದು ನಿಜವಾದ ಬಟ್ಟೆಯ ಸೀರೆ; ಅದರ ಸೆರಗಿನ ತುದಿ ನೆಲದ ಮೇಲೆ ಒಂದು ಕವಡೆಯ ಹತ್ತಿರ. ಎದುರಿನ ಜಾಗ ಖಾಲಿ. ಅಲ್ಲಿ ಹಗ್ಗ ಕಟ್ಟಕೂಡದು ಎಂದು ಮಾಸ್ತರರು ಹಟ ಹಿಡಿದರು. ಯಾರು ಬೇಕಾದರೂ ಕೂತು ಆಡಲಿ ಎಂದು.

ಮೊದಲು ಕೂತವಳು ಮಂಗಸೂಳಿಯ ಅಜ್ಜಿ. ಮೊಮ್ಮಗ ಕಾರಿನಲ್ಲಿ ಕರೆತಂದಿದ್ದ. ಕೋಲು ಕೊಟ್ಟು ಕೂತವಳು ಆ ಮುಖವನ್ನು ಬಹಳ ಹೊತ್ತು ನೋಡಿದಳು. ಮಾಸ್ತರರು ಕಂಬ ಹಿಡಿದು ನಿಂತಿದ್ದರು. ಅವರು ಯಾರ ತೀರ್ಪಿಗೂ ಹಾಗೆ ಕಾದದ್ದನ್ನು ನಾನು ಕಂಡಿರಲಿಲ್ಲ. ಅಜ್ಜಿ ಕವಡೆ ಎತ್ತಿ ಹಾಕಿದಳು. ತನ್ನ ಕಾಯಿ ನಡೆಸಿದಳು. ಗೆಳತಿಯ ಪರವಾಗಿಯೂ ಹಾಕಿದಳು, ಅವಳ ಕಾಯಿಯನ್ನೂ ನಡೆಸಿದಳು. ಆಟ ಅರ್ಧ ಆದ ಮೇಲೆ ಇದ್ದಕ್ಕಿದ್ದಂತೆ ಕೈ ಚಾಚಿ ಪ್ರತಿಮೆಯ ಸೆರಗನ್ನು ಕವಡೆಯಿಂದ ದೂರ ಸರಿಸಿ, "ನನ್ನ ಮುಂದ ನಡ್ಯಂಗಿಲ್ಲ ಇದು" ಅಂದಳು.

ಪಡಸಾಲೆಯೆಲ್ಲ ನಕ್ಕಿತು. ಮಾಸ್ತರರು ನಗಲಿಲ್ಲ. ಅಜ್ಜಿಯ ಹತ್ತಿರ ಹೋಗಿ, "ಹುಬ್ಬು ಜರಾ ಜಾಸ್ತಿ ಆಗೇತೇನ್ರಿ?" ಎಂದು ಕೇಳಿದರು.

"ಗೆಲ್ಲೂ ಮುಂದ ಅಷ್ಟ ಹೋಗ್ತಿತ್ತು" ಅಂದಳು ಅಜ್ಜಿ.

ಈಗ ಬರುವ ಜನ ಅಡುಗೆಮನೆಯ ಮುಂದೆ ನಿಂತು, "ಅಡಗಿ ಮಾಡಾಕಿ ಎಲ್ರೀ?" ಎಂದು ಕೇಳುತ್ತಾರೆ. ನಾನು ಹಿತ್ತಲ ಬಾಗಿಲು ತೋರಿಸುತ್ತೇನೆ. ಹೆಂಗಸರು ಅಲ್ಲಿಗೆ ಹೋದರೆ ಬಸ್ಸಿನ ಹಾರ್ನು ಕೇಳಿದರೂ ಏಳುವುದಿಲ್ಲ. ಸಭೆಯಲ್ಲಿ ಮೇಜು ಗುದ್ದಿದ್ದ ಆ ಸದಸ್ಯರೂ ಒಂದು ಮಧ್ಯಾಹ್ನ ತಮ್ಮ ತಾಯಿಯನ್ನು ಕರೆತಂದು ಕೂಡಿಸಿದರು. ಮುದುಕಿ ಮಗನನ್ನು ನೀರು ತರಲು ಕಳಿಸಿ ಒಂದು ಕವಡೆ ಮಗುಚಿದ್ದನ್ನು ನಾನು ಕಂಡೂ ಕಾಣದಂತಿದ್ದೆ.

ಮಾಸ್ತರರಿಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಕೆಲಸ ಇಲ್ಲದಾಗ ಏನು ಮಾಡುತ್ತೀರಿ ಎಂಬ ಪ್ರಶ್ನೆ ಅವರಿಗೆ ಗೀಳಾಯಿತು. ಮುಖ ಕೊಟ್ಟವರನ್ನೆಲ್ಲ ಮತ್ತೆ ಹುಡುಕಿಕೊಂಡು ಹೋದರು. ಪೈಲ್ವಾನರು ಯಾರಿಗೂ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡು, ಮೊಮ್ಮಗಳಿಗೆ ಜಡೆ ಹೆಣೆಯುತ್ತೇನೆ ಅಂದರಂತೆ. ಮಾಸ್ತರರು ಮರುದಿನವೇ ನನಗೆ ಹೇಳಿಬಿಟ್ಟರು. ತಂಬಾಕಿನ ಮನೆಯ ಹೆಂಗಸು ಬಾವಿಯ ಕಟ್ಟೆಯ ಮೇಲೆ ಕೂತು ಸುಮ್ಮನೆ ಕಲ್ಲು ಎಸೆದು ಸದ್ದು ಕೇಳುತ್ತಿದ್ದಳಂತೆ. ಅವರನ್ನೆಲ್ಲ ಹಾಗೆಯೇ ಹೊಸದಾಗಿ ಮಾಡಬೇಕು ಅನ್ನುತ್ತಿದ್ದರು. ಕೈಗಳು ಅಷ್ಟು ಹೊತ್ತಿಗೆ ಚಹಾದ ಬಟ್ಟಲನ್ನೂ ಹಿಡಿಯುತ್ತಿರಲಿಲ್ಲ.

ಕೊನೆಯ ಸಲ ನಾನು ಅವರ ಮನೆಗೆ ಹೋದಾಗ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮಾತು ನಿಧಾನವಾಗಿತ್ತು. ಅವರ ಹೆಂಡತಿ ಅವರಿಗೆ ಚಮಚದಿಂದ ಗಂಜಿ ಕುಡಿಸಿ ಒಳಗೆ ಹೋದರು. ಸಂಗ್ರಹಾಲಯದ ಸುದ್ದಿ ಹೇಳಿದೆ. ಕೇಳುತ್ತಿದ್ದಾರೋ ನೋಡುತ್ತಿದ್ದಾರೋ ಎಂದಿನಂತೆ ತಿಳಿಯಲಿಲ್ಲ. ನಡುವೆ ತಡೆದು, "ಬಾಯಾರ, ನೀವು?" ಅಂದರು.

"ನಾ ಏನ್ರಿ?"

"ಕೆಲಸಾ ಇಲ್ದಾಗ."

ಇಷ್ಟು ಜನರಿಗೆ ಆ ಪ್ರಶ್ನೆ ಹಾಕುವುದನ್ನು ಪಕ್ಕದಲ್ಲಿ ನಿಂತು ಕೇಳಿದ್ದೆ. ನನಗೆ ಯಾರಾದರೂ ಕೇಳಿಯಾರೆಂದು ಹೊಳೆದಿರಲಿಲ್ಲ. ಏನೇನೋ ನೆನಪು ಮಾಡಿಕೊಂಡೆ; ಎಲ್ಲವೂ ಕೆಲಸವೇ. ಕೊನೆಗೆ ನಾಚಿಕೆಪಡುತ್ತಲೇ ಹೇಳಿದೆ: "ಬಸ್ಸಿನ್ಯಾಗ ಕಿಟಕಿ ಮಗ್ಗಲಾ ಸಿಕ್ಕರ ದಾರ‍್ಯಾಗಿನ ಬೋರ್ಡ ಎಲ್ಲಾ ಓದ್ತೀನ್ರಿ. ಮನಸಿನ್ಯಾಗ. ಅಂಗಡಿದು, ದವಾಖಾನಿದು, ಗೊಬ್ಬರದ್ದು. ಕನ್ನಡದ್ದನ್ನ ಮರಾಠಿ ಧಾಟ್ಯಾಗ ಓದ್ತೀನಿ, ಮರಾಠಿದನ್ನ ಕನ್ನಡ ಧಾಟ್ಯಾಗ. ನಗು ಬರ್ತೈತಿ. ಮಂದಿ ನೋಡ್ತಾರಂತ ಹೊರಗ ಮಾರಿ ಮಾಡಿ ನಗ್ತೀನಿ."

ಹೇಳುತ್ತ ಹೇಳುತ್ತ ನನಗೆ ನಿಜವಾಗಿಯೂ ನಗು ಬಂತು. ಕಿಟಕಿಯ ಕಡೆ ಮುಖ ತಿರುಗಿಸಿದೆ.

"ಹಾಂ," ಅಂದರು ಮಾಸ್ತರರು. "ಹಂಗ ಇರ‍್ರಿ. ಅಲುಗಬ್ಯಾಡ್ರಿ."

ನಾನು ಅಲುಗಲಿಲ್ಲ. ಓರೆಗಣ್ಣಿನಿಂದ ನೋಡಿದೆ. ಅವರ ಹತ್ತಿರ ಪೆನ್ಸಿಲ್ಲೂ ಇರಲಿಲ್ಲ, ಹಾಳೆಯೂ ಇರಲಿಲ್ಲ. ಹೊದ್ದ ಕೌದಿಯ ಮೇಲೆ ನಡುಗುವ ತೋರುಬೆರಳು ನನ್ನ ಹಣೆಯಿಂದ ಶುರು ಮಾಡಿ ಮೆಲ್ಲಗೆ ಕೆಳಗಿಳಿಯುತ್ತಿತ್ತು.